ಮಗ ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದಿದ್ದಾನೆ. ದುಡ್ಡು ಕೊಟ್ಟು ಮುಗಿಸೋದಾ, ಬಾಲ ನ್ಯಾಯ ಮಂಡಳಿಗೆ ಹೋಗೋದಾ?

2017ರಲ್ಲಿ ನಿಮ್ಮ ಮಗನ ಜಾಗದಲ್ಲಿ ನಾನಿದ್ದೆ. ವಯಸ್ಸು 16. ಮೊಬೈಲ್ ಅಂಗಡಿಯಿಂದ ಒಂದು ಪವರ್ ಬ್ಯಾಂಕ್, ಎರಡು ಇಯರ್‌ಫೋನ್ ಎತ್ತಿದ್ದೆ. ಬೇಕಾಗಿತ್ತು ಅಂತಲ್ಲ, ಸುಮ್ನೆ. ಮೂರು ವಾರ ಬಿಟ್ಟು ಅಲ್ಲೇ ಮತ್ತೆ ಕೈ ಹಾಕಿದೆ, ಸಿಕ್ಕಿಬಿದ್ದೆ.

ನೀವು ಹೆದರಿರುವಷ್ಟು ಏನೂ ಆಗಲಿಲ್ಲ. ಲಾಕಪ್ಪಿಲ್ಲ, ಬೇಡಿಯಿಲ್ಲ. ದೊಡ್ಡವರು ಜೊತೆಗಿಲ್ಲದ ಇಂಥ ಸಣ್ಣ ಕಳ್ಳತನಕ್ಕೆ ಮಕ್ಕಳ ಮೇಲೆ ಎಫ್‌ಐಆರ್ ಹಾಕುವುದಿಲ್ಲ, ಠಾಣೆಯ ಡೈರಿಯಲ್ಲಿ ಬರೆದು ಮಂಡಳಿಗೆ ತಿಳಿಸುತ್ತಾರೆ. ಅಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಸೇವಕರು. ಪ್ರೊಬೇಷನ್ ಅಧಿಕಾರಿ ಮನೆಗೆ ಬಂದು, ಅಮ್ಮ ಕೊಟ್ಟ ಕಾಫಿ ಕುಡಿದು, ನನ್ನ ಮಾರ್ಕ್ಸ್ ಕಾರ್ಡ್‌ವರೆಗೂ ವಿಚಾರಿಸಿದರು. ಎಂಟು ಭಾನುವಾರ ಸರ್ಕಾರಿ ಆಸ್ಪತ್ರೆಯಲ್ಲಿ ವೀಲ್‌ಚೇರ್ ತಳ್ಳಿದೆ. ಮುಗೀತು.

ಕೆಟ್ಟದ್ದು ಅದಕ್ಕೂ ಮೊದಲೇ. ಸಿಕ್ಕಿಬಿದ್ದ ಮಾರನೇ ದಿನ ಅಪ್ಪ ನನ್ನನ್ನು ಸ್ಕೂಟರಿನಲ್ಲಿ ಅಂಗಡಿ ಹತ್ತಿರ ಕರೆದುಕೊಂಡು ಹೋದರು. "ನೀನು ಇಲ್ಲೇ ಇರು" ಅಂದರು. ಇದ್ದೆ. ಅವರು ಹೇಳಿದರು ಅಂತಲ್ಲ, ನನಗೂ ಅದೇ ಬೇಕಿತ್ತು. ಹತ್ತು ಹೆಜ್ಜೆ ದೂರ ಅಷ್ಟೇ. ಒಳಗೆ ಅಪ್ಪ ಕೈ ಮುಗಿಯುತ್ತಿದ್ದದ್ದು ಗಾಜಿನ ಬಾಗಿಲಲ್ಲಿ ಕಾಣುತ್ತಿತ್ತು. ನಾನು ಸ್ಕೂಟರಿನ ಕನ್ನಡಿ ತಿರುಗಿಸುತ್ತಾ ಕೂತಿದ್ದೆ. ಮೂರು ಸಾವಿರ ಕೊಟ್ಟು ಬಂದರು. ದಾರಿಯಲ್ಲಿ ಮಾತಿಲ್ಲ.

ಆ ಹತ್ತು ಹೆಜ್ಜೆ ನಡೆದಿದ್ದರೆ ನನಗೆ ಅವತ್ತೇ ಗೊತ್ತಾಗುತ್ತಿತ್ತು. ಮೊದಲ ಸಲ ಮಾಲು ಕಮ್ಮಿ ಬಂದಾಗ ಮಾಲೀಕರು ಕೆಲಸದ ಹುಡುಗನ ಮೇಲೆ ಅನುಮಾನಪಟ್ಟು ಅವನನ್ನು ಕೆಲಸದಿಂದ ಬಿಡಿಸಿದ್ದರು. ಅಪ್ಪನಿಗೆ ಹೇಳಿದರಂತೆ. ಅಪ್ಪ ನನಗೆ ಹೇಳಲಿಲ್ಲ, ಮಗ ನೊಂದುಕೊಳ್ಳುತ್ತಾನೆ ಅಂತ. ಎರಡು ವರ್ಷದ ಮೇಲೆ ಪಕ್ಕದ ಜೆರಾಕ್ಸ್ ಅಂಗಡಿಯವರು ಬಾಯಿ ಬಿಟ್ಟರು. ಅಷ್ಟರಲ್ಲಿ ಆ ಹುಡುಗ ಊರು ಬಿಟ್ಟಿದ್ದ. ನನಗಿಂತ ಎರಡು-ಮೂರು ವರ್ಷ ದೊಡ್ಡವನಿರಬೇಕು. ನಂಬರ್ ಯಾರ ಹತ್ತಿರವೂ ಇಲ್ಲ. ಕಳ್ಳ ಅನ್ನಿಸಿಕೊಂಡು ಹೋದವನು ಅವನು, ನಾನಲ್ಲ.

ಅದಕ್ಕೇ 'ದುಡ್ಡಾ, ಮಂಡಳಿಯಾ' ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ವಿಷಯ ಠಾಣೆಗೆ ಹೋಗಿದ್ದರೆ ಮಂಡಳಿಗೆ ಹೋಗಿ, ಹೆದರಬೇಡಿ. ಮುಂದೆ ಕೆಲಸಕ್ಕೆ ತೊಂದರೆ ಅಂತ ಕೇಳಿದ್ದೀರಿ. ಬಾಲ ನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಇದರಿಂದ ಯಾವ ಅನರ್ಹತೆಯೂ ಬರುವುದಿಲ್ಲ. ಆದರೆ ನಿಮ್ಮ ಎರಡು ದಾರಿಯಲ್ಲೂ ಅವನು ಅಂಗಡಿಯವರ ಮುಖ ನೋಡುವುದೇ ಇಲ್ಲ, ಅಲ್ವಾ? ನ್ಯೂಜಿಲೆಂಡ್‌ನಲ್ಲಿ ಹುಡುಗ, ಮನೆಯವರು, ಕಳಕೊಂಡವರು ಒಟ್ಟಿಗೆ ಕೂತು ಮಾತಾಡುವ ಸಭೆ 1989ರಿಂದ ಕಾನೂನಿನಲ್ಲೇ ಇದೆ. ನಮ್ಮ 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಮಂಡಳಿ ಏನೇನು ಆದೇಶ ಕೊಡಬಹುದು ಅನ್ನುವ ಪಟ್ಟಿಯಲ್ಲಿ ಬುದ್ಧಿವಾದ, ಸಮಾಲೋಚನೆ, ಸಮುದಾಯ ಸೇವೆ ಇದೆ, ಇದಿಲ್ಲ.

ನೀವೇ ಮಾಡಿಸಿ. ಅಂಗಡಿಯವರಿಗೆ ಒಪ್ಪಿಗೆಯಾ ಅಂತ ಮೊದಲು ಕೇಳಿ. ದುಡ್ಡು ಮಗನ ಕೈಯಿಂದಲೇ ಹೋಗಲಿ. ತೊದಲಿದರೂ ಅವನೇ ಮಾತಾಡಲಿ. "ನನ್ನಿಂದ ಬೇರೆ ಯಾರಿಗಾದರೂ ತೊಂದರೆ ಆಯ್ತಾ" ಅಂತ ಅವನ ಬಾಯಲ್ಲೇ ಕೇಳಿಸಿ. ಸ್ಕೂಟರ್ ಹತ್ತಿರ ನೀವು ನಿಂತಿರಿ.