ಕೊಲೆಗಳು ಹೆಚ್ಚಲು ಬಡತನ ಕಾರಣವೋ, ಅಸಮಾನತೆಯೋ?

ಹೆಚ್ಚಾಗಿ ಅಸಮಾನತೆಯೇ. ದಕ್ಷಿಣ ಆಫ್ರಿಕಾವನ್ನು ನೋಡಿ. ಗಿನಿ ಸೂಚ್ಯಂಕ (0 ಅಂದರೆ ಎಲ್ಲರ ಆದಾಯವೂ ಸಮ, 100 ಅಂದರೆ ಎಲ್ಲವೂ ಒಬ್ಬನದೇ) ಅಲ್ಲಿ 2014ರಲ್ಲಿ 63 ಇತ್ತು. 2022ರಲ್ಲಿ ಲಕ್ಷ ಜನರಿಗೆ 40ಕ್ಕೂ ಹೆಚ್ಚು ಕೊಲೆ. ತಲಾ ಆದಾಯದಲ್ಲಿ ಅದಕ್ಕಿಂತ ಎಷ್ಟೋ ಹಿಂದಿರುವ ಭಾರತದಲ್ಲಿ ಈ ಸಂಖ್ಯೆ 3ರ ಆಸುಪಾಸು.

ಹಾಗಂತ ಬಡವರು ಸಿರಿವಂತರನ್ನು ಕೊಲ್ಲುತ್ತಾರೆ ಅಂದುಕೊಳ್ಳಬೇಡಿ. ಕೊಲ್ಲುವವರೂ ಸಾಯುವವರೂ ಬಹುಪಾಲು ಒಂದೇ ಬಡ ಬಡಾವಣೆಯ ಯುವಕರು. ಓದು, ಕೆಲಸ, ಆಸ್ತಿಯಿಂದ ಮರ್ಯಾದೆ ಗಳಿಸುವ ದಾರಿ ಮುಚ್ಚಿದ ಕಡೆ 'ಇವನ ತಂಟೆಗೆ ಹೋಗಬಾರದು' ಅನ್ನುವ ಹೆಸರೇ ಬಂಡವಾಳ. ಅದನ್ನು ಉಳಿಸಿಕೊಳ್ಳಲು ಸಣ್ಣ ಅವಮಾನಕ್ಕೂ ಚಾಕು ಹೊರಬರುತ್ತದೆ. ಪೊಲೀಸರ ಮೇಲೆ ನಂಬಿಕೆಯಿಲ್ಲದಿದ್ದರಂತೂ ಸೇಡು ತಮ್ಮ ಕೈಯಲ್ಲೇ. ಇದಕ್ಕೆ ಹೆಂಡ, ಬಂದೂಕು ಸೇರಿದರೆ ಹೊಡೆದಾಟ ಕೊಲೆಯಲ್ಲಿ ಮುಗಿಯುತ್ತದೆ.

ಗಿನಿ ಅಳೆಯುವುದು ಹಣದ ಅಂತರವನ್ನು ಮಾತ್ರ. ಜಾತಿಯ ಅಂತರ ಅದಕ್ಕೆ ಕಾಣುವುದಿಲ್ಲ. ಜಾತಿ ಹಿಂಸೆಯ ದಿಕ್ಕೂ ಬೇರೆ, ಅದು ಮೇಲಿನಿಂದ ಕೆಳಕ್ಕೆ. ದಲಿತ ಮದುಮಗ ಕುದುರೆ ಏರಿದಾಗ, ಅಂದರೆ ಅಂತರ ಕಡಿಮೆಯಾಗತೊಡಗಿದಾಗಲೇ, ಕಲ್ಲು ಬೀಳುವುದುಂಟು.