ಭೂಮಿಯ ಮೇಲೆ ನೆಲ ಹೆಚ್ಚೋ, ನೀರು ಹೆಚ್ಚೋ?

ನೀರೇ ಹೆಚ್ಚು. ಭೂಮಿಯ ಮೇಲ್ಮೈಯ ಸುಮಾರು ಶೇಕಡಾ 71 ಭಾಗ ಸಮುದ್ರ. ಖಂಡ, ದ್ವೀಪಗಳೆಲ್ಲ ಸೇರಿ ಉಳಿದ 29. ಆದರೆ ನೀರಿನಡಿಯೂ ಬೆಟ್ಟ, ಬಯಲು, ಕಂದರಗಳಿವೆ ಎಂಬುದನ್ನು ನಾವು ಮರೆಯುತ್ತೇವೆ. ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ಆಳ ಸುಮಾರು 11 ಕಿಲೋಮೀಟರ್. 8,849 ಮೀಟರ್ ಎತ್ತರದ ಎವರೆಸ್ಟನ್ನು ಅದರೊಳಗಿಟ್ಟರೂ ತುದಿಯ ಮೇಲೆ ಎರಡು ಕಿಲೋಮೀಟರಿನಷ್ಟು ನೀರು ನಿಲ್ಲುತ್ತದೆ!

ಇದಕ್ಕಿಂತಲೂ ನನ್ನನ್ನು ಬೆರಗುಗೊಳಿಸುವುದು ಎವರೆಸ್ಟಿನ ನೆತ್ತಿಯ ಕಲ್ಲು. ಅದು ಸುಣ್ಣದ ಕಲ್ಲು. ಅದರೊಳಗೆ ಕೋಟ್ಯಂತರ ವರ್ಷಗಳ ಹಿಂದಿನ ಕಡಲಜೀವಿಗಳ ಚಿಪ್ಪಿನ ಚೂರುಗಳಿವೆ. ಭಾರತವನ್ನು ಹೊತ್ತ ಭೂಫಲಕ, ಅಂದರೆ ಭೂಮಿಯ ಗಟ್ಟಿ ಹೊರಪದರದ ದೊಡ್ಡ ತುಂಡು, ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತಿದಾಗ, ಒಂದು ಕಾಲದ ಕಡಲತಳವೇ ಮಡಿಕೆಬಿದ್ದು ಮೇಲೆದ್ದಿತು. ಆ ಒತ್ತುವಿಕೆ ಇಂದಿಗೂ ನಿಂತಿಲ್ಲ. ಹಿಮಾಲಯದ ಸೀಮೆ ಆಗಾಗ ನಡುಗುವುದು ಅದರಿಂದಲೇ.