ಪ್ರಾಂಪ್ಟ್ ತಿದ್ದಿದವರು ಯಾರು?

ಪ್ರಶ್ನೆ: ಶಿರಸಿಯ ಅಡಿಕೆ ವ್ಯಾಪಾರದ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ರಾಶಿ, ಚಾಲಿ, ಬೆಟ್ಟೆಗಳ ದಿನದ ದರಪಟ್ಟಿಯನ್ನು ಬೆಳೆಗಾರರಿಗೆ ಕಳಿಸುವ ಚಿಕ್ಕ ವರದಿಯಾಗಿಸಲು ಎಐ ಬಳಸುತ್ತೇವೆ. ಅದಕ್ಕೆ ಕೊಡುವ ಪ್ರಾಂಪ್ಟ್, ಅಂದರೆ ಸೂಚನೆಗಳ ಪಠ್ಯ, ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದು, ಯಾರು ಏನು ತಿದ್ದಿದರೆಂದು ತಿಳಿಯುವುದಿಲ್ಲ. ಫೈಲುಗಳ ಹಳೆಯ-ಹೊಸ ಆವೃತ್ತಿಗಳ ಲೆಕ್ಕವಿಡುವ ಗಿಟ್ ತಂತ್ರಾಂಶದಲ್ಲಿ ಇಡಬಹುದೆ? ಮಳೆಗಾಲದಲ್ಲಿ ಇಲ್ಲಿ ಇಂಟರ್ನೆಟ್ಟನ್ನು ನಂಬುವಂತಿಲ್ಲ.

ಉತ್ತರ: ಧಾರಾಳವಾಗಿ ಇಡಬಹುದು. ಲಿನಕ್ಸ್ ಕರ್ನೆಲ್‌ನ ಕೆಲಸಕ್ಕಾಗಿ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್ ಎಲ್ಲ ತಿದ್ದುಪಡಿಗಳ ಇತಿಹಾಸವನ್ನೂ ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವುದರಿಂದ, ನೆಟ್‌ವರ್ಕ್ ಇಲ್ಲದ ದಿನವೂ ಕಮಿಟ್ ಮಾಡಬಹುದು (ತಿದ್ದುಪಡಿಯನ್ನು ತಿದ್ದಿದವರ ಹೆಸರಿನೊಂದಿಗೆ ದಾಖಲಿಸಬಹುದು), ಹಳೆಯ ಆವೃತ್ತಿಯನ್ನು ತೆಗೆದು ನೋಡಬಹುದು.

ಪ್ರಾಂಪ್ಟನ್ನು ವರ್ಡ್ ಫೈಲಿನಲ್ಲಿ ಇಡದೆ, ಯೂನಿಕೋಡ್ ಕನ್ನಡದಲ್ಲಿ ಸಾದಾ ಪಠ್ಯದ ಫೈಲಾಗಿ ಉಳಿಸಿ. ಗಿಟ್ ಸಾಲುಸಾಲಾಗಿ ಹೋಲಿಸುವುದರಿಂದ ಒಂದು ಸಾಲಿಗೆ ಒಂದೇ ವಾಕ್ಯ ಬರೆಯುವುದು ಮೇಲು. ಇಲ್ಲವಾದರೆ ಒಂದು ಪದ ಬದಲಾದರೂ ಇಡೀ ಪ್ಯಾರಾ ಬದಲಾದಂತೆ ತೋರುತ್ತದೆ. ಫೈಲಿನ ಹೆಸರು ಕನ್ನಡದಲ್ಲಿದ್ದರೆ ಗಿಟ್ ಸ್ಟೇಟಸ್ ಆದೇಶ ಅದನ್ನು ಅಂಕಿಗಳ ಸರಮಾಲೆಯಾಗಿ ತೋರಿಸೀತು. ಗಾಬರಿ ಬೇಡ, ಕೋರ್.ಕೋಟ್‌ಪಾತ್ (core.quotePath) ಸೆಟ್ಟಿಂಗನ್ನು ಫಾಲ್ಸ್ (false) ಮಾಡಿದರೆ ಸರಿಹೋಗುತ್ತದೆ.

ಆದರೆ ನಿಮ್ಮ ನಿಜವಾದ ತೊಂದರೆ ನೀಗುವುದು ಪ್ರತಿ ಕಮಿಟ್ ಜೊತೆ ಬರೆಯುವ ಸಂದೇಶದಿಂದ. ‘ಪ್ರಾಂಪ್ಟ್ ತಿದ್ದಿದೆ’ ಎಂದಷ್ಟೇ ಬರೆಯುವುದು ಬರೆಯದಿದ್ದಂತೆಯೇ. ‘ಕನಿಷ್ಠ, ಗರಿಷ್ಠ ದರಗಳನ್ನು ಬಿಟ್ಟು ಸರಾಸರಿಯನ್ನೇ ಕೊಡುತ್ತಿತ್ತು, ಎರಡನ್ನೂ ಕ್ವಿಂಟಾಲ್ ಲೆಕ್ಕದಲ್ಲೇ ಕೊಡಬೇಕೆಂಬ ಸಾಲು ಸೇರಿಸಿದೆ’ ಎಂದು ಬರೆದಿಟ್ಟರೆ, ಆ ಸಾಲು ಅನವಶ್ಯಕವೆಂದು ಮುಂದೊಬ್ಬರು ಅಳಿಸಹೊರಟಾಗ ಕಾರಣ ಕಣ್ಣೆದುರೇ ಇರುತ್ತದೆ. ಬಳಸಿದ ಮಾಡೆಲ್‌ನ ಹೆಸರನ್ನೂ ಆವೃತ್ತಿಯನ್ನೂ ಅಲ್ಲೇ ನಮೂದಿಸಿ, ಏಕೆಂದರೆ ಮಾಡೆಲ್ ಬದಲಾದರೆ ಅದೇ ಪ್ರಾಂಪ್ಟ್ ಬೇರೆ ಉತ್ತರ ಕೊಡಬಹುದು. ಹಳೆಯ ದಿನವೊಂದರ ದರಪಟ್ಟಿಯನ್ನೂ ಅದಕ್ಕೆ ನೀವೇ ಬರೆದ ಸರಿಯಾದ ವರದಿಯನ್ನೂ ಅದೇ ಫೋಲ್ಡರಿನಲ್ಲಿಟ್ಟು, ಪ್ರತಿ ತಿದ್ದುಪಡಿಯ ನಂತರ ಅದರ ಮೇಲೆ ಪರೀಕ್ಷಿಸಿ. ಈ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ನನ್ನ ಮಟ್ಟಿಗೆ ಇದಿಲ್ಲದ ಇತಿಹಾಸ ಅರ್ಧ ಇತಿಹಾಸ. ಬ್ರಾಂಚ್ (ಪ್ರತ್ಯೇಕ ಕವಲಿನಲ್ಲಿ ತಿದ್ದುವುದು) ಮುಂತಾದವು ಇಷ್ಟು ಸಣ್ಣ ಕಚೇರಿಗೆ ಬೇಡ.

ಎಪಿಐ ಕೀಲಿ (ಎಐ ಸೇವೆಯನ್ನು ಬಳಸಲು ಕೊಡುವ ಗುಪ್ತ ಸಂಕೇತ), ಬೆಳೆಗಾರರ ಫೋನ್ ನಂಬರುಗಳು ಮಾತ್ರ ಇದರೊಳಗೆ ಬರಲೇಬಾರದು. ಒಮ್ಮೆ ಕಮಿಟ್ ಆದ ಮೇಲೆ ಫೈಲನ್ನು ಅಳಿಸಿದರೂ ಅವು ಇತಿಹಾಸದಲ್ಲಿ ಉಳಿಯುತ್ತವೆ. ಎಲ್ಲವೂ ಒಂದೇ ಡಿಸ್ಕಿನಲ್ಲಿರುವಷ್ಟು ಕಾಲ ಗಿಟ್ ಬ್ಯಾಕಪ್ ಅಲ್ಲ. ಕಚೇರಿಯ ಇನ್ನೊಂದು ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಆಗಾಗ ಪುಶ್ ಮಾಡಿಡಿ (ಹೊಸ ಕಮಿಟ್‌ಗಳ ಪ್ರತಿ ಕಳಿಸಿಡಿ), ಅದಕ್ಕೂ ಇಂಟರ್ನೆಟ್ ಬೇಕಾಗದು.